ಹಲಗೆಯ ಕೆಳಗಿನ ತೊಲೆ





ಲಂಡನ್ನಿನ ಪ್ರಿಮ್‌ರೋಸ್ ಹಿಲ್‌ನಲ್ಲಿ, ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯ ಚಿತ್ರ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಬಾಬಾಸಾಹೇಬರು ಲಂಡನ್ನಿನಲ್ಲಿ ಓದುತ್ತಿದ್ದಾಗ, 1921–22ರಲ್ಲಿ ವಾಸವಾಗಿದ್ದ ಮನೆ ಅದು. ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡು, ದುರಸ್ತಿ ಮಾಡಿಸಿ ಸ್ಮಾರಕವಾಗಿಸಿತು. ಅಲ್ಲಿನ ಕೌನ್ಸಿಲ್ ಮ್ಯೂಸಿಯಂಗೆ ಅನುಮತಿ ನಿರಾಕರಿಸಿತ್ತು. ವಿಚಾರಣೆ ಮುಗಿದು 2020ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಅನುಮತಿ ಕೊಟ್ಟಿತು.

ಅಂಥ ಹಳೆಯ ಮನೆಗಳನ್ನು ಹೇಗೆ ರಿಪೇರಿ ಮಾಡುತ್ತಾರೆ ಎಂದು ಕುತೂಹಲದಿಂದ ಓದುತ್ತಾ ಹೋದೆ. ನನಗೆ ಅದರಲ್ಲೊಂದು ಧಮ್ಮಪಾಠ ಕಂಡಿತು. ಇಂದಿನ ಚಿಂತನೆಗೆ ಅದನ್ನೇ ಇಡುತ್ತಿದ್ದೇನೆ.

ಸಗಣಿ ಸಾರಿಸಿದ್ದಿರಲಿ, ಟೈಲ್ಸ್ ಹಾಕಿದ್ದಿರಲಿ, ನಮ್ಮ ಮನೆಗಳ ನೆಲ ಮಣ್ಣಿನ ಮೇಲೇ ಕೂತಿರುತ್ತದೆ. ಆ ಕಾಲದ ಲಂಡನ್ ಮನೆಗಳಲ್ಲಿ ಕೆಳಗಿನ ಕೋಣೆಗಳ ನೆಲವೂ ಸಾಮಾನ್ಯವಾಗಿ ಮರದ್ದೇ. ಗೋಡೆಯಿಂದ ಗೋಡೆಗೆ ಸಾಲಾಗಿ ತೊಲೆಗಳು, ಅವುಗಳ ಮೇಲೆ ಮೊಳೆ ಹೊಡೆದ ಹಲಗೆಗಳು, ಕೆಳಗೆ ಮಣ್ಣಿಗೂ ತೊಲೆಗೂ ನಡುವೆ ಖಾಲಿ ಜಾಗ. ಅಲ್ಲಿ ಗಾಳಿಯಾಡಲೆಂದು ಹೊರಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆ ಇಟ್ಟಿರುತ್ತಾರೆ. ಕಾಲಾಂತರದಲ್ಲಿ ಹೊರಗಿನ ಮಣ್ಣು ಏರಿಯೋ, ಯಾರಾದರೂ ಸಿಮೆಂಟ್ ಮೆತ್ತಿಯೋ ಆ ಕಿಂಡಿ ಮುಚ್ಚಿಹೋದರೆ ತೇವ ಒಳಗೇ ನಿಲ್ಲುತ್ತದೆ. ಶಿಲೀಂಧ್ರ ಹಿಡಿದು ಗೋಡೆಯೊಳಗೆ ಕೂತ ತೊಲೆಯ ತುದಿ ಲಡ್ಡಾಗುತ್ತದೆ. ಮೇಲಿನ ಹಲಗೆ ಮಾತ್ರ ಥಳಥಳ ಹೊಳೆಯುತ್ತಲೇ ಇರುತ್ತದೆ.

ಬಲ್ಲ ಬಡಗಿ ಪಾಲಿಶ್‌ನಿಂದ ಕೆಲಸ ಶುರು ಮಾಡುವುದಿಲ್ಲ. ನಾಲ್ಕು ಹಲಗೆ ಎಬ್ಬಿಸುತ್ತಾನೆ. ಚೂಪಾದ ಉಪಕರಣದಿಂದ ತೊಲೆಯನ್ನು ಚುಚ್ಚಿ ನೋಡುತ್ತಾನೆ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಆಮೇಲೆ, ಈ ತೇವ ಎಲ್ಲಿಂದ ಬಂತು ಎಂದು ಹುಡುಕುತ್ತಾನೆ. ಸೋರುವ ಕೊಳವೆ ಸರಿಪಡಿಸುತ್ತಾನೆ, ಮುಚ್ಚಿದ ಕಿಂಡಿ ತೆರೆಯುತ್ತಾನೆ. ಕೊಳೆತಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸುತ್ತಾನೆ. ಗಟ್ಟಿಯಿರುವ ಹಳೆಯ ಹಲಗೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಉಜ್ಜುವುದು, ಹೊಳಪು ಕೊಡುವುದು ಎಲ್ಲಕ್ಕಿಂತ ಕೊನೆಗೆ.

ಭಗವಾನ್ ಬುದ್ಧರ ಪಟಿಚ್ಚಸಮುಪ್ಪಾದ ಹೇಳುವುದೂ ಇದನ್ನೇ. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ. ಕಾರಣ ಉಳಿದರೆ ಫಲ ಮತ್ತೆ ಮೊಳೆಯುತ್ತದೆ. ಕಾಲಾಮರಿಗೆ ಅವರು ಮಾಡಿದ ಉಪದೇಶವೂ ಹೀಗೇ ಚುಚ್ಚಿ ನೋಡುವ ಉಪದೇಶ. ಹಳೆಯದೆಂದು ಒಪ್ಪಬೇಡಿ, ಹಿರಿಯರು ಹೇಳಿದರೆಂದೂ ಒಪ್ಪಬೇಡಿ, ನೀವೇ ಪರೀಕ್ಷಿಸಿ ಎಂಬುದು ಅದರ ಸಾರ.

ಈಗ ನಮ್ಮ ಮನೆಗೆ ಬರೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆಗಳನ್ನು ಬೋಧಿಸಿದರು. ಮನುಷ್ಯರೆಲ್ಲ ಸಮಾನರು ಎಂದು ನಂಬುವುದು, ಆ ಸಮಾನತೆಯನ್ನು ಸ್ಥಾಪಿಸಲು ಶ್ರಮಿಸುವುದು, ಎರಡೂ ಅದರಲ್ಲಿವೆ. ನಾವು ದೀಕ್ಷೆ ಪಡೆದೆವು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ ಬಂತು. ಮಕ್ಕಳಿಗೆ ಸಿದ್ಧಾರ್ಥ, ಸುಜಾತ ಎಂದು ಹೆಸರಿಟ್ಟೆವು. ಇದೆಲ್ಲ ಬೇಕಾದದ್ದೇ. ಆದರೆ ಇದು ಮೇಲಿನ ಹಲಗೆ.

ನಮ್ಮ ಬಳಗದಲ್ಲೇ ಒಂದು ಸಂಬಂಧ ಮುರಿದದ್ದನ್ನು ನಾನು ಕಂಡಿದ್ದೇನೆ. ಹುಡುಗ, ಹುಡುಗಿ ಒಪ್ಪಿದ್ದರು. ಎರಡೂ ಮನೆಯವರು ದೀಕ್ಷೆ ಪಡೆದವರು, ಒಂದೇ ವಿಹಾರದಲ್ಲಿ ತ್ರಿಸರಣ, ಪಂಚಶೀಲ ಹೇಳುವವರು. ಆದರೂ ಒಬ್ಬ ಹಿರಿಯರು ಮೆಲ್ಲಗೆ ಕೇಳಿದರು, “ಅವರು ಬಲಗೈನವರಾ, ಎಡಗೈನವರಾ?” ಮಾತು ಅಲ್ಲಿಗೇ ನಿಂತಿತು. ಕಾರಣ ಮಾತ್ರ ‘ಜಾತಕ ಕೂಡಲಿಲ್ಲ’ ಎಂದು ಹೊರಬಂತು. ಜಾತಕ ಬಿಟ್ಟವರ ಮನೆಯಲ್ಲಿ ಜಾತಕ!

ಆ ಹಿರಿಯರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆ ಪ್ರಶ್ನೆಯನ್ನು ಅವರು ಹುಟ್ಟಿಸಿದ್ದಲ್ಲ. ಮೆಟ್ಟಿಲು ಮೆಟ್ಟಿಲಾಗಿ ಮನುಷ್ಯರನ್ನು ಇಟ್ಟ ವ್ಯವಸ್ಥೆ ನಮ್ಮ ತೊಲೆಗೂ ಇಳಿಸಿದ ತೇವ ಅದು. ನಮ್ಮನ್ನು ಕೆಳಗಿಟ್ಟವರನ್ನು ಪ್ರಶ್ನಿಸುವ ನಾವು, ನಮಗಿಂತ ಕೆಳಗೆ ಯಾರನ್ನೋ ಇಡುವ ಅಭ್ಯಾಸವನ್ನು ಪ್ರಶ್ನಿಸದೆ ಹೋದರೆ ಕಿಂಡಿ ಮುಚ್ಚಿತೆಂದೇ ಅರ್ಥ. ಭಾನುವಾರದ ವಂದನೆಯ ನಂತರ ಈ ಮಾತು ಎತ್ತಲು ಎಲ್ಲರಿಗೂ ಸಂಕೋಚ. ಮಾತಿಗೆ ಬಾರದ ಭೇದ ಒಳಗೇ ಕೊಳೆಯುತ್ತದೆ.

ಹಾಗೆಂದು ಹಳೆಯದೆಲ್ಲ ಕೊಳೆತಿಲ್ಲ. ಕೇರಿಯಲ್ಲಿ ಒಬ್ಬರ ಮನೆಯ ಒಲೆ ಹತ್ತದಿದ್ದರೆ ಪಕ್ಕದ ಮನೆಯಿಂದ ಮುದ್ದೆ ಹೋಗುತ್ತಿತ್ತಲ್ಲ, ಅದು ಗಟ್ಟಿ ಮರ. ಅದನ್ನು ಜೋಪಾನವಾಗಿ ಎತ್ತಿಟ್ಟು ಮತ್ತೆ ಹಾಸಿಕೊಳ್ಳಬೇಕು. ಧಮ್ಮದಲ್ಲಿ ಅದಕ್ಕೆ ಮೈತ್ರಿ ಎನ್ನುತ್ತಾರೆ.

ಇಂದಿನ ಅಭ್ಯಾಸ ಇಷ್ಟೇ. ಸಂಜೆ ಹತ್ತು ನಿಮಿಷ ಸುಮ್ಮನೆ ಕೂತು ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಾಳೆ ನನ್ನ ಮಗಳಿಗೋ ಮಗನಿಗೋ ಸಂಬಂಧ ಬಂದರೆ ನನ್ನ ಬಾಯಿಂದ ಬರುವ ಮೊದಲ ಪ್ರಶ್ನೆ ಯಾವುದು? ಬಂದ ಉತ್ತರವನ್ನು ಮನೆಯವರ ಮುಂದೆ ಹೇಳೋಣ. ಬರುವ ಭಾನುವಾರ ವಿಹಾರದಲ್ಲೂ ಹೇಳೋಣ. ಕಿಂಡಿ ತೆರೆಯುವುದು ಹೀಗೆಯೇ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.