ಅದೂ ಅಲ್ಲ, ಬೇರೆಯೂ ಅಲ್ಲ

1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಬಂದ ಒಂದು ವ್ಯಾಜ್ಯ ಮೇಲ್ನೋಟಕ್ಕೆ ಬರೀ ಮಾರಾಟದ್ದು. ಬೆಂಟ್ಲಿ ಕಂಪನಿಯ ‘ಓಲ್ಡ್ ನಂಬರ್ ಒನ್’ ಎಂಬ ಹಳೆಯ ರೇಸ್ ಕಾರಿಗೆ ಸುಮಾರು ಒಂದು ಕೋಟಿ ಪೌಂಡಿನ ಒಪ್ಪಂದವಾಗಿತ್ತು. ಕೊಳ್ಳುವವರು ಆಮೇಲೆ ಹಿಂದೆ ಸರಿದರು. ಮಾರಾಟಕ್ಕಿಟ್ಟದ್ದು ಆ ಕಾರೇ ಅಲ್ಲ ಎಂಬುದು ಅವರ ತಕರಾರು. ಆ ಹೆಸರಿಗೆ ಬೆಲೆ ಬಂದದ್ದು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಓಟವನ್ನು ಸತತವಾಗಿ ಗೆದ್ದದ್ದರಿಂದ. ಎರಡು ಸಲವೂ ಓಡಿಸಿದ ಜೋಡಿಯಲ್ಲಿ ಕಂಪನಿಯ ಅಧ್ಯಕ್ಷ ವುಲ್ಫ್ ಬಾರ್ನಾಟೊ ಇದ್ದ. ಆ ಬಳಿಕ ಚಾಸಿ ಬದಲಾಯಿತು, ಆರೂವರೆ ಲೀಟರಿನ ಎಂಜಿನ್ ಇದ್ದಲ್ಲಿ ಎಂಟು ಲೀಟರಿನದು ಕೂತಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ಓರೆಯಾಗಿ ಎತ್ತರಿಸಿದ ತಿರುವಿನ ಅಂಚು ದಾಟಿ ಕಾರು ಕೆಳಗುರುಳಿ, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತ. ಮುಂದೆ ಅದನ್ನೇ ರಸ್ತೆಯ ಕಾರಾಗಿ ಮತ್ತೆ ಕಟ್ಟಿದರು. ನ್ಯಾಯಮೂರ್ತಿ ಆಟನ್ ಒಂದೊಂದೇ ಭಾಗದ ಲೆಕ್ಕ ತೆಗೆದಾಗ 1929ರದೆಂದು ಖಚಿತವಾಗಿ ಹೇಳಬಲ್ಲದ್ದು ಏನೂ ಇರಲಿಲ್ಲ. 1930ರದ್ದು ಪೆಡಲ್ ಶಾಫ್ಟು, ಗೇರ್‌ಬಾಕ್ಸಿನ ಹೊರಕವಚ, ಸ್ಟಿಯರಿಂಗ್ ಕಾಲಂ, ಅಷ್ಟೇ. ಚಾಸಿ, ಎಂಜಿನ್, ಮುಂದಿನ ಆಕ್ಸಲ್ ಎಲ್ಲ 1932ರವು. ಇದನ್ನು ಮೂಲ ಕಾರು ಎನ್ನಲಾಗದು, ನಕಲು ಎನ್ನಲೂ ಆಗದು, ಆದರೂ ಇದು ಓಲ್ಡ್ ನಂಬರ್ ಒನ್ನೇ ಎಂದು ಅವರು ತೀರ್ಪಿತ್ತರು.

ಇದು ನುಣುಚಿಕೊಳ್ಳುವ ಉತ್ತರದಂತೆ ಕೇಳಿಸುತ್ತದೆ. ಆದರೆ ಸುಮಾರು ಎರಡು ಸಾವಿರ ವರ್ಷ ಹಳೆಯ ‘ಮಿಲಿಂದ ಪನ್ಹ’ದಲ್ಲಿ ಭಿಕ್ಷು ನಾಗಸೇನ ಯವನ ರಾಜ ಮಿಲಿಂದನಿಗೆ ಕೊಡುವ ಉತ್ತರವೂ ಇದೇ. ಮತ್ತೆ ಹುಟ್ಟುವವನು ಸತ್ತವನೇ ಹೌದೋ, ಬೇರೆಯವನೋ ಎಂದರೆ ಅವನೂ ಅಲ್ಲ, ಬೇರೆಯೂ ಅಲ್ಲ ಎನ್ನುತ್ತಾನೆ. ಈ ಗ್ರಂಥದಿಂದ ಎಲ್ಲರೂ ಎತ್ತಿ ಹೇಳುವುದು ರಥದ ಪ್ರಸಂಗವನ್ನು: ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ಕೇಳುತ್ತ ಹೋದರೆ ಕೊನೆಗೆ ಕೈಗೆ ಸಿಗುವುದು ಹೆಸರು ಮಾತ್ರ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮಾವಿನ ಕಳ್ಳನ ಪ್ರಸಂಗ. ಒಡೆಯ ನೆಟ್ಟದ್ದು ಬೇರೆ ಮಾವು, ನಾನು ಕಿತ್ತದ್ದು ಬೇರೆ ಮಾವು, ನನ್ನದೇನು ತಪ್ಪು ಎಂದು ಕಳ್ಳ ವಾದಿಸುತ್ತಾನೆ. ಆ ವಾದ ನಿಲ್ಲದು, ಏಕೆಂದರೆ ಈ ಹಣ್ಣು ಆ ಹಣ್ಣಿನಿಂದಲೇ ಬಂದದ್ದು. ಲಂಡನ್ನಿನಲ್ಲಿ ಕೊಳ್ಳುವವರು ಮಂಡಿಸಿದ್ದೂ ಹೆಚ್ಚುಕಡಿಮೆ ಈ ಕಳ್ಳನ ವಾದವನ್ನೇ, ಸೋತದ್ದೂ ಅದೇ ಕಾರಣಕ್ಕೆ. ಕರ್ಮದ ಫಲ ಅಂಟಬೇಕಾದರೆ ಒಳಗೆ ಬದಲಾಗದ ಒಂದು ತಿರುಳು ಇರಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹೊಣೆ ಹೊರಲು ತಿರುಳು ಬೇಕಿಲ್ಲ, ಕಡಿಯದ ಸಂತತಿ ಸಾಕು ಎಂಬುದಕ್ಕೆ ಈ ಕಾರು ಒಳ್ಳೆಯ ಸಾಕ್ಷಿ. ತಿರುಳನ್ನು ಹುಡುಕಹೊರಟರೂ ಕೈಗೆ ಹತ್ತುವುದಿಲ್ಲ. ತೀವ್ರವಾಗಿ ಬದಲಾದ ವಾಹನ ಹಳೆಯ ನೋಂದಣಿಯನ್ನು ಉಳಿಸಿಕೊಳ್ಳಬಹುದೇ ಎಂದು ತೀರ್ಮಾನಿಸಲು ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಅಂಕ ಹಾಕುತ್ತಿತ್ತು: ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್ ಮತ್ತು ಸ್ಟಿಯರಿಂಗಿಗೆ ತಲಾ 2, ಎಂಜಿನ್‌ಗೆ ಬರೀ 1, ಒಟ್ಟು 14ರಲ್ಲಿ ಕನಿಷ್ಠ 8 ಬರಬೇಕಿತ್ತು. ಕಾರಿನ ಜೀವವೆಂದು ನಾವು ಕರೆಯುವ ಎಂಜಿನ್‌ಗೆ ಎಲ್ಲಕ್ಕಿಂತ ಕಡಿಮೆ ಅಂಕ! ಇದು ಆಡಳಿತದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಟು ನಿಜ. ಅನುಕೂಲವನ್ನು ಬಿಟ್ಟು ಬೇರೆ ಆಧಾರ ಅಲ್ಲಿ ಇರಲೂ ಇಲ್ಲ.

ಹಾಗಾದರೆ ಹಳೆಯ ಕಾರಿನ ಚಾಸಿ ನಂಬರಿನ ತಗಡನ್ನು ಹೊಚ್ಚಹೊಸ ಕಾರಿಗೆ ಬಡಿದು ಮಾರಿದರೆ ಅದೂ ಅಸಲಿಯೇ ಎಂದು ಕೇಳಬಹುದು. ಅಲ್ಲ. ಅಲ್ಲಿ ದಾಟಿ ಬಂದದ್ದು ಹೆಸರು ಮಾತ್ರ, ಕಾರಲ್ಲ. ಸಂತತಿಯೆಂದರೆ ಪ್ರತಿ ಹಂತದಲ್ಲೂ ಹಿಂದಿನ ಕಾರೇ ಮುಂದಿನದಕ್ಕೆ ಆಸರೆಯಾಗಿರಬೇಕು: ಹಳೆಯ ಚಾಸಿಯ ಮೇಲೆ ಹೊಸ ಎಂಜಿನ್, ಆ ಎಂಜಿನ್ ಇದ್ದಾಗಲೇ ಹೊಸ ಬಾಡಿ. ಕಳಚಿ ಎಸೆದ ಭಾಗಗಳನ್ನೆಲ್ಲ ಆಯ್ದು ಇನ್ನೊಂದು ಕಾರು ಜೋಡಿಸಿದರೆ ಯಾವುದು ಅಸಲಿ ಎಂಬ ತೊಡಕನ್ನು ಹದಿನೇಳನೇ ಶತಮಾನದಲ್ಲಿ ಥಾಮಸ್ ಹಾಬ್ಸ್, ಒಂದೊಂದೇ ಹಲಗೆ ಬದಲಾಗುತ್ತ ಹೋದ ಥೀಸಿಯಸ್‌ನ ಹಡಗಿನ ವಿಷಯದಲ್ಲಿ ಎತ್ತಿದ್ದ. ತಿರುಳನ್ನು ನಂಬುವವರಿಗೆ ಇದು ಬಿಡಿಸಲಾಗದ ಗಂಟು. ಸಂತತಿಯನ್ನು ನಂಬುವವರು ಎರಡು ಕವಲುಗಳನ್ನೂ ಒಪ್ಪಿ, ಯಾವ ಕವಲಿನಲ್ಲಿ ಏನೇನು ಬಂದಿದೆಯೆಂದು ಹೇಳಿದರೆ ಆಯಿತು.

ನಿಜವಾಗಿ ಗಟ್ಟಿಯಾದ ಆಕ್ಷೇಪ ಶಂಕರರದು. ಬ್ರಹ್ಮಸೂತ್ರಭಾಷ್ಯದಲ್ಲಿ, ಎಲ್ಲವೂ ಕ್ಷಣಮಾತ್ರದ್ದು ಎಂಬ ಬೌದ್ಧರ ಕ್ಷಣಿಕವಾದವನ್ನು ಖಂಡಿಸುವಾಗ ಅವರು ಹಿಡಿಯುವುದು ನೆನಪನ್ನು: ಅಂದು ಕಂಡವನೂ ಇಂದು ನೆನೆಯುವವನೂ ಒಬ್ಬನೇ ಆಗಿರದಿದ್ದರೆ ‘ಇದು ಅದೇ’ ಎಂಬ ಗುರುತೇ ಹುಟ್ಟದು, ಹೋಲಿಕೆಯನ್ನು ಕಂಡು ಒಂದೇ ಎಂದುಕೊಂಡೆವು ಎಂಬ ಸಮಾಧಾನವೂ ಸಾಲದು, ಏಕೆಂದರೆ ಹೋಲಿಸಲೂ ಎರಡನ್ನೂ ಕಂಡ ಒಬ್ಬ ಬೇಕು. ಹೋಲಿಕೆಯ ಮಾತು ನೂರಕ್ಕೆ ನೂರು ಸರಿ. ಇಂದು ಮಾಡಿಸಿದ ಅಚ್ಚುಕಟ್ಟಾದ ನಕಲು ಲೆ ಮಾನ್ ಗೆದ್ದ ಕಾರನ್ನು ಓಲ್ಡ್ ನಂಬರ್ ಒನ್ನಿಗಿಂತ ಹೆಚ್ಚು ಹೋಲಬಹುದು, ಆದರೂ ಅದು ಅದಲ್ಲ. ಆದರೆ ಗುರುತು ಹಿಡಿಯಲು ಒಬ್ಬನೇ ಕಂಡಿರಬೇಕು ಎಂಬುದನ್ನು ಈ ತೀರ್ಪು ಅಲುಗಾಡಿಸುತ್ತದೆ. ನ್ಯಾಯಮೂರ್ತಿ ಲೆ ಮಾನ್‌ನಲ್ಲಿ ಆ ಕಾರನ್ನು ಕಂಡವರಲ್ಲ. ಗುರುತು ಅವರ ಕೈಗೆ ದಾಖಲೆ ಮತ್ತು ಸಾಕ್ಷ್ಯಗಳ ಮೂಲಕ ದಾಟಿ ಬಂತು. ‘ನಾನೇ ಕಂಡೆ’ ಎಂಬ ಅನುಭವಕ್ಕೆ ಇದರಿಂದ ಉತ್ತರ ಸಿಕ್ಕಿತು ಎನ್ನಲಾರೆ, ಶಂಕರರ ವಾದ ಅಲ್ಲಿ ಇನ್ನೂ ನಿಂತಿದೆ. ಆದರೆ ಹಿಂದೆ ಮಾಡಿದ್ದಕ್ಕೆ ಮುಂದೆ ಬಂದವನು ಹೊಣೆಯೇ ಎಂಬ ಪ್ರಶ್ನೆಗೆ ಆ ಅನುಭವ ಬೇಕಾಗುವುದಿಲ್ಲ.

ಸಂತತಿಯ ಲೆಕ್ಕವನ್ನು ಒಪ್ಪಿದವರು ತಮಗೆ ಬೇಕಾದಲ್ಲಿ ಮಾತ್ರ ಒಪ್ಪಿ ಸುಮ್ಮನಾಗುವಂತಿಲ್ಲ. ರಿಪೇರಿ ಮಾಡಿ ಹೊಳಪಿಟ್ಟ ಇಂಥ ಕಾರುಗಳನ್ನು ಮಾರುವವರು ಗೆಲುವಿನ ವರ್ಷಗಳನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಓಲ್ಡ್ ನಂಬರ್ ಒನ್ನಿನಲ್ಲಿ ಲೆ ಮಾನ್‌ನ ಗೆಲುವಿಗೆ ಸೇರಿದ ಲೋಹ ಒಂದು ಹಿಡಿಯಷ್ಟು, ಡನ್‌ಫೀ ಸತ್ತ ಓಟಕ್ಕೆ ಸೇರಿದ್ದು ಬಹುಪಾಲು. ಯಾವ ಎಳೆ ಹಿಡಿದು ಆ ಗೆಲುವು ಈ ಕಾರಿನದಾಗುತ್ತದೋ, ಅದೇ ಎಳೆ ಹಿಡಿದು ಆ ಸಾವೂ ಇದರದಾಗುತ್ತದೆ, ಅದೂ ಇನ್ನಷ್ಟು ಗಟ್ಟಿಯಾದ ಪುರಾವೆಯೊಂದಿಗೆ.