ವಾಟ್ನಿಯಲ್ಲಿ ಸಾಲವೂ ಬರುತ್ತದೆ

ಕಳೆದ ಸಂಕ್ರಾಂತಿಗೆ ಬನಹಟ್ಟಿಯ ಮನೆಗೆ ಹೋದಾಗ ಯುರೋಪಿನ ಒಂದು ವಿಶ್ವವಿದ್ಯಾಲಯದ ಫೆಲೋಶಿಪ್ಪಿಗೆ ಅರ್ಜಿ ಬರೆಯುತ್ತಿದ್ದೆ. ವಿಷಯ, ಸುಸ್ಥಿರ ಪ್ರವಾಸೋದ್ಯಮ ಮತ್ತು ಸಾಂಸ್ಕೃತಿಕ ಪರಂಪರೆಯ ನಿರ್ವಹಣೆ. ಈ ಕ್ಷೇತ್ರಕ್ಕೆ ನೀವು ಬಂದದ್ದೇಕೆ ಎಂದು ಒಂದು ಪುಟದಲ್ಲಿ ಹೇಳಬೇಕಿತ್ತು. ಮೊದಲ ಸಾಲು ಹೀಗೆ ಬರೆದಿದ್ದೆ: ‘ಅಜ್ಜನ ಕುಣಿಮಗ್ಗದ ಸದ್ದು ಕೇಳುತ್ತ ನಾನು ಬೆಳೆದೆ.’ ಇಂಗ್ಲಿಷಿನಲ್ಲಿ ಅದು ಇನ್ನೂ ಚೆಂದ ಕಾಣುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಏನು ಬರೆಯುತ್ತಿದ್ದೀ ಎಂದು ಕೇಳಿದ. ಆ ಸಾಲನ್ನು ಕನ್ನಡದಲ್ಲಿ ಹೇಳಿದೆ. ರೊಟ್ಟಿ ಮುರಿಯುವುದನ್ನು ನಿಲ್ಲಿಸದೆಯೇ ಅಂದ: “ಆ ಮಗ್ಗ ತಗದು ಎರಡ ವರ್ಷಕ್ಕ ನೀ ಹುಟ್ಟೀದಿ ಯವ್ವಾ. ನೀ ಬೆಳದದ್ದು ಪಾವರ್‌ಲೂಮಿನ ಸಪ್ಪಳದಾಗ.”

ನನಗದು ಗೊತ್ತಿರಲಿಲ್ಲವೆಂದಲ್ಲ. ಮಗ್ಗದ ಕಟ್ಟಿಗೆ ಒಂದಷ್ಟು ದನದ ಕೊಟ್ಟಿಗೆಗೆ, ಉಳಿದದ್ದು ಒಲೆಗೆ ಹೋಯಿತೆಂದು ಅವ್ವ ಹಲವು ಸಲ ಹೇಳಿದ್ದಾಳೆ. ಕುಣಿಗೆ ಮಣ್ಣು ತುಂಬಿ, ಫರಸಿ ಹಾಸಿ, ಅದರ ಮೇಲೆಯೇ ವಿದ್ಯುತ್ ಮಗ್ಗ ಕೂಡಿಸಿದ್ದಾರೆ. ಶಾಲೆಯಿಂದ ಬಂದ ಮೇಲೆ ನಾನು ಅವ್ವನ ಜೊತೆ ಕೂತು ಕಂಡಿಕೆ ಸುತ್ತುತ್ತಿದ್ದೆ. ಅದು ನನ್ನ ಸ್ವಂತ ನೆನಪು. ಅರ್ಜಿಯಲ್ಲಿ ಅದು ಇರಲಿಲ್ಲ. ನಾನು ಹುಟ್ಟುವ ಮೊದಲೇ ಸತ್ತ ಮಗ್ಗವನ್ನು ಬರೆದು, ನನ್ನ ಕೈಯಾರೆ ಮಾಡಿದ ಕೆಲಸವನ್ನು ಬಿಟ್ಟಿದ್ದೆ.

ಒಂದು ಸುಳ್ಳು ಹೇಳಿದೆ ಎಂಬುದಷ್ಟೇ ಆಗಿದ್ದರೆ ಆ ಸಾಲನ್ನು ತಿದ್ದಿ ಮಲಗಬಹುದಿತ್ತು. ನನ್ನನ್ನು ಕಾಡಿದ್ದು ಬೇರೆ. ಎಷ್ಟೊಂದು ಸುಳ್ಳುಗಳಿರುವಾಗ ಇದೊಂದೇ ಯಾಕೆ ತಾನಾಗಿ ಬಂತು? ಓದುವವರಿಗೆ ನನ್ನ ಊರು ಹಳೆಯದಾಗಿರಬೇಕು, ಬಡದಾದರೂ ಚೆಂದವಾಗಿರಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಗೊತ್ತಿತ್ತು. ಹುಟ್ಟಿದ ಊರಿನ ಹಳತನವನ್ನು ಬಂಡವಾಳ ಮಾಡಿಕೊಂಡು ದೂರದೇಶದಲ್ಲಿ ಬದುಕು ಕಟ್ಟಿಕೊಳ್ಳುವುದು ಸರಿಯೇ? ಸರಿಯಾದರೆ, ಯಾವ ಷರತ್ತಿನ ಮೇಲೆ?

ರಬಕವಿ-ಬನಹಟ್ಟಿಗೆ ಬಂದವರಿಗೆ ಮೊದಲು ಸಿಗುವುದು ಸಪ್ಪಳ. ಓಣಿ ಓಣಿಯಲ್ಲಿ ವಿದ್ಯುತ್ ಮಗ್ಗಗಳು ಬಡಿಯುತ್ತವೆ. ಕರೆಂಟು ಹೋದರೆ ಊರಿಗೇ ಕಿವುಡು ಬಂದಂತಾಗುತ್ತದೆ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತಾರೆ. ಅದಕ್ಕೆ ಹೊತ್ತು ಬೇಕು, ಕಣ್ಣು ಬೇಕು, ಮನೆಮಂದಿಯ ಕೈ ಬೇಕು. ಆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. 1985ರ ಕೇಂದ್ರ ಕಾಯ್ದೆಯೊಂದು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ಮಾನ್ಯತೆ ಹೆಸರನ್ನು ಕಾಯುತ್ತದೆ, ಕಾಯ್ದೆ ಬಟ್ಟೆಯನ್ನು ಕಾಯುತ್ತದೆ. ನೇಕಾರನ ಮಜೂರಿಯನ್ನು ಎರಡೂ ಕಾಯುವುದಿಲ್ಲ. ಅಪ್ಪ ಕೈಮಗ್ಗ ಬಿಟ್ಟದ್ದು ಪರಂಪರೆಯ ಮೇಲಿನ ಸಿಟ್ಟಿನಿಂದಲ್ಲ, ವಾರದ ಸಂತೆಗೆ ರೊಕ್ಕ ಸಾಲದ್ದರಿಂದ. ನಾನು ಓದುವ ಪುಸ್ತಕಗಳಲ್ಲಿ ಅವನಿಗೆ ಇರುವ ಜಾಗ ‘ಪರಂಪರೆಗೆ ಇರುವ ಅಪಾಯಗಳು’ ಎಂಬ ಪಟ್ಟಿಯೊಳಗೆ. ಆ ಅಪಾಯ ದುಡಿದ ದುಡ್ಡಿನಲ್ಲಿಯೇ ನಾನು ಆ ಪುಸ್ತಕಗಳನ್ನು ಓದುವಷ್ಟು ದೂರ ಬಂದೆ.

ನನ್ನ ಶಾಸ್ತ್ರಕ್ಕೂ ತನ್ನದೇ ಆದ ಮರೆವು ಇದೆ. ವಿಶ್ವ ಪರಂಪರೆಯ ಒಪ್ಪಂದವನ್ನು ಯುನೆಸ್ಕೊ ಅಂಗೀಕರಿಸಿದ್ದು 1972ರಲ್ಲಿ. ನಮ್ಮ ಜಿಲ್ಲೆಯ ಪಟ್ಟದಕಲ್ಲು ಪಟ್ಟಿಗೆ ಸೇರಿದ್ದು 1987ರಲ್ಲಿ, ಅದಕ್ಕೊಂದು ವರ್ಷ ಮೊದಲು ಹಂಪಿ. 2002ರ ಬುಡಾಪೆಸ್ಟ್ ಘೋಷಣೆಯಲ್ಲಿ ನಾಲ್ಕು ಗುರಿಗಳನ್ನು ಹೇಳಿದರು: ವಿಶ್ವಾಸಾರ್ಹತೆ, ಸಂರಕ್ಷಣೆ, ಸಾಮರ್ಥ್ಯವರ್ಧನೆ, ಸಂವಹನ. ಐದನೆಯದಾಗಿ ‘ಸಮುದಾಯ’ ಎಂಬ ಮಾತು ಸೇರಿದ್ದು 2007ರಲ್ಲಿ, ನ್ಯೂಜಿಲೆಂಡಿನ ಒತ್ತಾಯದಿಂದ. ಒಪ್ಪಂದವಾಗಿ 35 ವರ್ಷಗಳ ಮೇಲೆ. ಕಲ್ಲು ಮೊದಲು ಕಂಡಿತು, ಕಲ್ಲಿನ ಪಕ್ಕದಲ್ಲಿ ಚಹಾ ಮಾರುವವರು ಕಾಣಲಿಕ್ಕೆ ಒಂದು ತಲೆಮಾರು ಬೇಕಾಯಿತು. ಕಂಡ ಮೇಲೂ ಏನಾಯಿತೆಂದು ಹಂಪಿಯನ್ನು ಕೇಳಬೇಕು. 2011ರ ಜುಲೈಯಲ್ಲಿ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಿದರು. ಮಂಟಪಗಳಿಗೆ ಧಕ್ಕೆಯಾಗುತ್ತಿತ್ತು ಎಂಬುದು ಸುಳ್ಳಲ್ಲ. ಆದರೆ ಬಜಾರೆಂದು ಕಟ್ಟಿದ ಬೀದಿಯಿಂದ ವ್ಯಾಪಾರಿಗಳನ್ನೇ ತೆಗೆದರೆ ಉಳಿಸಿದ್ದು ಏನನ್ನು ಎಂಬ ಪ್ರಶ್ನೆಯೂ ಸುಳ್ಳಲ್ಲ. ಇಂಥ ನಿರ್ಧಾರಗಳ ಹಿಂದಿರುವ ವರದಿಗಳನ್ನು ಬರೆಯುವವರು ನನ್ನಂಥವರು. ನಾನು ಬಯಸುವ ಕೆಲಸ ಅದೇ.

ಬೀಳಗಿ ಇದೇ ಪ್ರಶ್ನೆಯನ್ನು ನೀರಿನ ಮೂಲಕ ಕೇಳುತ್ತದೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಅದೇ ವರ್ಷ ಈಜಿಪ್ಟಿನಲ್ಲಿ ಅಬು ಸಿಂಬೆಲ್ ದೇವಾಲಯಗಳನ್ನು ತುಂಡು ತುಂಡಾಗಿ ಕೊಯ್ದು ಮೇಲಕ್ಕೆ ಸಾಗಿಸುವ ಕೆಲಸ ನಡೆದಿತ್ತು, ಆಸ್ವಾನ್ ಅಣೆಕಟ್ಟಿನ ನೀರಿನಿಂದ ಉಳಿಸಲು. ಜಗತ್ತೆಲ್ಲ ಹಣ ಕೊಟ್ಟಿತು. ಆ ಯಶಸ್ಸೇ ಮುಂದೆ 1972ರ ಒಪ್ಪಂದಕ್ಕೆ ದಾರಿಯಾಯಿತು. ಅದೇ ನೀರಿಗೆ ಊರು ಬಿಟ್ಟ ನೂಬಿಯನ್ ಜನರ ಕಥೆ ನಮ್ಮ ಪಠ್ಯಗಳಲ್ಲಿ ಒಂದು ಅಡಿಟಿಪ್ಪಣಿ. ನಮ್ಮಲ್ಲಿಯೂ ಆಲಮಟ್ಟಿಯ ಹಿನ್ನೀರು ಬಂದಾಗ ಕೂಡಲಸಂಗಮದ ಐಕ್ಯಮಂಟಪಕ್ಕೆ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ ಕಾಯ್ದುಕೊಂಡೆವು. ಕಾಯ್ದದ್ದು ಸರಿಯೇ. ಬೀಳಗಿ ತಾಲೂಕಿನ ಮುಳುಗಡೆ ಹಳ್ಳಿಗಳ ಹಗೇವು, ಕಟ್ಟೆ, ಅಂಗಳಗಳಿಗೆ ಗೋಡೆ ಕಟ್ಟುವುದು ಸಾಧ್ಯವಿರಲಿಲ್ಲ. ಈಗ ಆ ಹಿನ್ನೀರಿಗೆ ಫ್ಲೆಮಿಂಗೊಗಳು ಬರುತ್ತವೆ. ಪಕ್ಷಿ ಪ್ರವಾಸೋದ್ಯಮದ ಯೋಜನೆ ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ನಾತಕೋತ್ತರ ತರಗತಿಯಲ್ಲಿ ನಾನೇ ಒಂದು ಬರೆದಿದ್ದೆ. ಪುನರ್ವಸತಿ ಕೇಂದ್ರದ ಅಜ್ಜಿಯೊಬ್ಬಳಿಗೆ ಅದನ್ನು ವಿವರಿಸಿದಾಗ ಅವಳು ನೀರಿನ ಕಡೆ ಕೈಮಾಡಿ ಕೇಳಿದ್ದಿಷ್ಟು: “ಹಕ್ಕಿ ನೋಡಾಕ ಬಂದವ್ರಿಗೆ ನಮ್ಮ ಮನಿ ಎಲ್ಲಿತ್ತಂತ ಹೇಳ್ತೀರೇನು?” ನನ್ನ ಯೋಜನೆಯಲ್ಲಿ ದುರ್ಬೀನು, ಶೌಚಾಲಯ, ಕಸದ ನಿರ್ವಹಣೆ ಎಲ್ಲ ಇತ್ತು. ಅವಳ ಮನೆ ಇರಲಿಲ್ಲ.

ಜಮಖಂಡಿಗೆ ಬಂದವರಿಗೆ ನಾವು ಪಟವರ್ಧನರ ಅರಮನೆ ತೋರಿಸುತ್ತೇವೆ. ಅದೇ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಾವೇ ದುಡ್ಡು ಹಾಕಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಅರಮನೆ ನೋಡಲು ಚೆಂದ, ಬ್ಯಾರೇಜು ಬರಿಯ ಕಾಂಕ್ರೀಟು. ಆದರೆ ಈ ಸೀಮೆಯ ಜನ ತಮ್ಮ ಮಕ್ಕಳಿಗೆ ‘ಇದು ನಾವು ಮಾಡಿದ್ದು’ ಎಂದು ಬೆರಳು ಮಾಡಿ ತೋರಿಸುವುದು ಯಾವುದನ್ನು? ಪರಂಪರೆ ಎಂದರೆ ಅಂಥ ಬೆರಳು ತೋರುವ ಕಡೆ ಇರುವುದಾದರೆ, ನಮ್ಮ ನಕ್ಷೆಗಳು ಬೇರೆ ಯಾರದೋ ಬೆರಳನ್ನು ಹಿಡಿದು ಹೊರಟಿವೆ.

ಮುಧೋಳದ ನಾಯಿಯ ಕಥೆ ಇನ್ನೊಂದು ಪಾಠ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ. ಬೇಟೆ ಹೋಯಿತು, ಸಂಸ್ಥಾನ ಹೋಯಿತು, ನಾಯಿ ಉಳಿಯಿತು. ಉಳಿದದ್ದಕ್ಕೆ ದೊಡ್ಡ ಕಾರಣ, ಹಳ್ಳಿಯ ಮನೆಗಳಲ್ಲಿ ಅದನ್ನು ಸಾಕಿ ಮರಿ ಮಾರುವವರಿಗೆ ನಾಲ್ಕು ದುಡ್ಡು ಸಿಗುವುದು. ಸಾಕುವವನ ಹೊಟ್ಟೆ ತುಂಬಿದಲ್ಲಿ ಪರಂಪರೆ ಉಳಿಯುತ್ತದೆ. ‘ಸುಸ್ಥಿರ’ ಎಂಬ ಪದಕ್ಕೆ ನಾನು ಓದಿದ ಉದ್ದುದ್ದ ವ್ಯಾಖ್ಯೆಗಳಿಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹ ಎನ್ನಿಸುತ್ತದೆ.

ಹಾಗಾದರೆ ಹೊರಗೆ ಹೋಗಬಾರದೇ? ಊರಲ್ಲಿಯೇ ಇರುವುದು ತಾನಾಗಿಯೇ ದೊಡ್ಡ ಗುಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತನ್ನು ಹೆಚ್ಚಾಗಿ ಆಡುವವರು ಊರು ಬಿಟ್ಟವರೇ. ಸಾವಿರ ವರ್ಷದ ಹಿಂದೆ ಇದೇ ಮುಧೋಳದ ಬಳೆಗಾರರ ಮನೆಯ ಹುಡುಗ ವಿದ್ಯೆ ಹುಡುಕಿಕೊಂಡು ಶ್ರವಣಬೆಳಗೊಳದವರೆಗೆ ಹೋದ. ರನ್ನ ಬಳೆಯ ಮಲಾರ ಹೊತ್ತು ಊರಲ್ಲೇ ಉಳಿದಿದ್ದರೆ ಮುಧೋಳಕ್ಕೆ ಇಂದು ಹೇಳಿಕೊಳ್ಳಲು ಆ ಹೆಸರು ಇರುತ್ತಿರಲಿಲ್ಲ. ತನಗೆ ಆಸರೆಯಾದ ಚಾವುಂಡರಾಯ, ಅತ್ತಿಮಬ್ಬೆಯರ ನೆನಪಿಗೆ ಅವನು ತನ್ನ ಮಕ್ಕಳಿಗೆ ರಾಯ, ಅತ್ತಿಮಬ್ಬೆ ಎಂದೇ ಹೆಸರಿಟ್ಟ. ಹೋಗುವುದು ತಪ್ಪಲ್ಲ. ಯಾರ ಋಣದಲ್ಲಿ ಹೋದೆ ಎಂಬುದನ್ನು ಮನೆಯೊಳಗೆ ದಿನಾ ಕೂಗಿ ಕರೆಯುವಷ್ಟು ಹತ್ತಿರ ಇಟ್ಟುಕೊಳ್ಳುವುದು ಕಷ್ಟ.

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ವಾಟ್ನಿ ಮಾಡುತ್ತಾರೆ. ಹೊಲ, ಮನೆ, ಎತ್ತು, ಪಾತ್ರೆ ಎಲ್ಲ ಹಂಚಿದ ಮೇಲೆ ಕೊನೆಗೆ ಹಿರಿಯರೊಬ್ಬರು ಕೇಳುತ್ತಾರೆ: “ಸಾಲ ಎಷ್ಟೈತಿ?” ಅದೂ ಪಾಲಾಗುತ್ತದೆ. ಆಸ್ತಿ ನನಗೆ, ಸಾಲ ನಿನಗೆ ಎಂದವನನ್ನು ಪಂಚರು ಎದ್ದು ಹೋಗೆನ್ನುತ್ತಾರೆ. ಪರಂಪರೆಯೂ ಹಿರಿಯರಿಂದ ಬಂದ ಆಸ್ತಿಯೇ ಆದರೆ ಅದರಲ್ಲಿಯೂ ಸಾಲದ ಪಾಲು ಇರಬೇಕು. ನನ್ನ ಅರ್ಜಿಯ ಮೊದಲ ಸಾಲಿನಲ್ಲಿ ಅಜ್ಜನ ಮಗ್ಗವನ್ನು ನಾನು ಆಸ್ತಿಯ ಪಾಲಾಗಿ ಬರೆಸಿಕೊಂಡಿದ್ದೆ. ಮಗ್ಗ ಯಾಕೆ ಒಲೆಗೆ ಹೋಯಿತು, ಆಮೇಲೆ ಈ ಊರಿನ ನೇಕಾರರು ನೂಲಿನ ಸಾಲದಲ್ಲಿ ಹೇಗೆ ಸಿಕ್ಕಿಕೊಂಡರು, ಕಂಡಿಕೆ ಸುತ್ತುವ ಹೆಂಗಸರ ದುಡಿಮೆಗೆ ಯಾವ ಲೆಕ್ಕದಲ್ಲೂ ಯಾಕೆ ಹೆಸರಿಲ್ಲ ಎಂಬ ಸಾಲದ ಪಾಲನ್ನು ಅಪ್ಪನ ಹೆಸರಿನಲ್ಲೇ ಬಿಟ್ಟಿದ್ದೆ.

ಷರತ್ತು ಇದೇ ಇರಬೇಕು ಎಂದು ಈಗ ತೋರುತ್ತದೆ. ಊರನ್ನು ತೋರಿಸಿ ಬದುಕುವವಳು ಊರಿನ ಸಾಲವನ್ನೂ ಒಪ್ಪಿಕೊಳ್ಳಬೇಕು. ಅದು ಭಾವುಕ ಮಾತಾಗದಿರಲು ಒಂದು ಸಣ್ಣ ನಿಯಮ ಮಾಡಿಕೊಂಡಿದ್ದೇನೆ: ಯಾರ ಬಗ್ಗೆ ಬರೆದೆನೋ ಅವರ ಎದುರು ಕೂತು, ಅವರ ಭಾಷೆಯಲ್ಲಿ ಓದಿ ಹೇಳಲಾಗದ ವರದಿಯನ್ನು ಕಳಿಸಬಾರದು. ಅವರು ಬೇಡವೆಂದರೆ ಆ ‘ಬೇಡ’ವೂ ವರದಿಯಲ್ಲಿ ಇರಬೇಕು. ಇದರಿಂದ ಅನ್ಯಾಯವೆಲ್ಲ ತಪ್ಪುತ್ತದೆಂದಲ್ಲ. ಓದಿ ಹೇಳಿದ ಮೇಲೂ ಅಧಿಕಾರ ಇರುವವರು ತಮಗೆ ಬೇಕಾದ್ದನ್ನೇ ಮಾಡಬಹುದು. ಆದರೆ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿಯಾದರೂ ನನಗೆ ಮುಚ್ಚಿರುತ್ತದೆ.

ಅರ್ಜಿಯನ್ನು ಮತ್ತೆ ಬರೆದೆ. ‘ನಮ್ಮ ಮನೆಯ ಕುಣಿಮಗ್ಗವನ್ನು ನಾನು ನೋಡಿಲ್ಲ. ಅದನ್ನು ಮುಚ್ಚಿದ ಜಾಗದಲ್ಲಿ ನಿಂತ ವಿದ್ಯುತ್ ಮಗ್ಗಕ್ಕೆ ಕಂಡಿಕೆ ಸುತ್ತುತ್ತ ಬೆಳೆದೆ’ ಎಂದು ಶುರುವಾಯಿತು. ಮೊದಲಿನಷ್ಟು ಚೆಂದವಿಲ್ಲ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಎರಡು ಕಡೆ ತಿದ್ದಿದ. ಒಂದು ನೂಲಿನ ದರ, ಇನ್ನೊಂದು ಅಜ್ಜ ಮಗ್ಗ ಬಿಟ್ಟ ವರ್ಷ. ಆಮೇಲೆ ಕೇಳಿದ: “ಅಲ್ಲಿಯವ್ರು ನಿನ್ನ ಕೂಡ ಇಲ್ಲಿಗೆ ಬಂದ್ರ ಏನ್ ತೋರಸ್ತಿ?”

“ಇದನ್ನ,” ಅಂದೆ, ಬಡಿಯುತ್ತಿದ್ದ ಮಗ್ಗದ ಕಡೆ ತೋರಿಸಿ.

“ಕಿವಿಗೆ ಹತ್ತಿ ಇಟಗೊಂಡ ಬರ್ರಿ ಅಂತ ಹೇಳು,” ಅಂದು ಅಪ್ಪ ಹರಿದ ಎಳೆ ಜೋಡಿಸಲು ಎದ್ದ. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.