ದುಡಿಯುವವನಿಗೆ ಯಾರ ಅಪ್ಪಣೆ?

ದುಡಿದು ತಿನ್ನುವುದಕ್ಕೆ ಇನ್ನೊಬ್ಬರ ಅಪ್ಪಣೆ ಏಕೆ ಬೇಕು ಎಂದು ಕೇಳುವವನು ಸರ್ಕಾರವೇ ಬೇಡ ಎಂದು ಹೇಳುತ್ತಿಲ್ಲ. ತಡೆಯುವವರು ಮೊದಲು ಕಾರಣ ಕೊಡಲಿ ಎನ್ನುತ್ತಿದ್ದಾನೆ. ಸ್ವಾತಂತ್ರ್ಯವಾದಿಯ ವಾದ ಶುರುವಾಗುವುದೇ ಇಲ್ಲಿಂದ.

*

1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅರಸರು ಹೋದರು, ಬ್ರಿಟಿಷರು ಹೋದರು, ಆ ಕಟ್ಟಳೆ ಮಾತ್ರ ಉಳಿಯಿತು. ರೈತನ ಸ್ವಂತ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಕಾಯುವ ಹೊಣೆ ರೈತನದು, ಕಳುವಾದರೆ ಮೊದಲ ಅನುಮಾನವೂ ಅವನ ಮೇಲೆಯೇ. ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿ ಹೋದ ಬೇಲಿಸಾಲಿನಲ್ಲಿ ಗಂಧದ ಸಸಿ ತಲೆಯೆತ್ತಿದರೆ ಅವನು ಏನು ಮಾಡಬೇಕು? ನಾಲ್ಕು ಎಲೆ ಬಿಡುವಷ್ಟರಲ್ಲಿ ಕಿತ್ತು ಹಾಕುತ್ತಿದ್ದ. ಗಂಧ ಅವನಿಗೆ ಬೇಡವಾಗಿರಲಿಲ್ಲ, ಮನೆ ಬಾಗಿಲಿಗೆ ಅರಣ್ಯ ಇಲಾಖೆಯ ಜೀಪು ಬರುವುದು ಬೇಡವಾಗಿತ್ತು. ಗಂಧದ ನಾಡು ಎಂದು ಹಾಡಿ ಹೊಗಳಿಕೊಂಡ ಸೀಮೆಯಲ್ಲಿ ಗಂಧ ಬೆಳೆಯುವುದೇ ಅಪಾಯದ ಕೆಲಸವಾಯಿತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ ಮರದ ಒಡೆತನವನ್ನು ಜಮೀನಿನ ಒಡೆಯನಿಗೆ ಕೊಟ್ಟಿತು. ಇವತ್ತು ಅದೇ ರೈತರು ನರ್ಸರಿಯಲ್ಲಿ ದುಡ್ಡು ಕೊಟ್ಟು ಗಂಧದ ಸಸಿ ತಂದು ನೆಡುತ್ತಿದ್ದಾರೆ. ಕಡಿದು ಸಾಗಿಸಲು ಮಾತ್ರ ಈಗಲೂ ಇಲಾಖೆಯ ಪರವಾನಗಿ ಬೇಕು.

*

ತನ್ನದೆಂಬ ಭರವಸೆ ಇದ್ದ ಕಡೆ ಕಾವಲಿಗೆ ಆಳು ಬೇಕಾಗುವುದಿಲ್ಲ.

*

1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆ ಮಾಡಕೂಡದು. ಚೀನಾ ಜೊತೆಗಿನ ಯುದ್ಧದ ಮರುವರ್ಷ ಅದು. ವಿದೇಶಿ ವಿನಿಮಯ ಉಳಿಸಬೇಕಿತ್ತು, ಕಳ್ಳಸಾಗಣೆ ತಡೆಯಬೇಕಿತ್ತು. ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೆ ಕಳ್ಳಸಾಗಣೆ ನಿಲ್ಲಲಿಲ್ಲ, ಅಕ್ಕಸಾಲಿಗರ ಅಗ್ಗಿಷ್ಟಿಕೆ ಆರಿತು. 14 ಕ್ಯಾರೆಟ್‌ನ ಕಟ್ಟು ಕೆಲವೇ ವರ್ಷಗಳಲ್ಲಿ ಸಡಿಲವಾದರೂ 1968ರಲ್ಲಿ ಕಾಯ್ದೆಯೇ ಬಂತು. ಅದು ರದ್ದಾದದ್ದು 1990ರಲ್ಲಿ. ಕಸುಬು ಬಿಟ್ಟು ಕೂಲಿಗೆ ಹೋದ ಅಕ್ಕಸಾಲಿಗನ ಮಗ ಅಷ್ಟರಲ್ಲಿ ನಡುವಯಸ್ಸಿಗೆ ಬಂದಿದ್ದ.

*

ಕಾನೂನನ್ನು ಅದರ ಪೀಠಿಕೆ ಓದಿ ಮೆಚ್ಚಬೇಡಿ. ಅದರಿಂದ ಯಾರ ಒಲೆ ಆರಿತು ಎಂದು ನೋಡಿ.

*

ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಬಗ್ಗೆ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿದ್ದ ಉಳಿದ ಪಂಡಿತರೆಲ್ಲ ಒಂದು ಕಡೆ, ಇವರೊಬ್ಬರು ಒಂದು ಕಡೆ. ಇಷ್ಟು ದೊಡ್ಡ ಕೊರತೆ ಹಣಕಾಸು ಬೇಡ, ಬೆಲೆ ಏರುತ್ತದೆ. ನಿಯಂತ್ರಣಗಳನ್ನು ಕಡಿಮೆ ಮಾಡಿ ಎಂದರು. ಎರಡು ವರ್ಷ ಕಳೆಯುವುದರೊಳಗೆ ದೇಶಕ್ಕೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. 1991ರ ಜುಲೈನಲ್ಲಿ 18 ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆಲ್ಲ ಕೈಗಾರಿಕಾ ಲೈಸೆನ್ಸ್ ತೆಗೆದುಹಾಕಿದಾಗ ನೋಡಲು ಶೆಣೈ ಇರಲಿಲ್ಲ, 1978ರಲ್ಲೇ ತೀರಿಕೊಂಡಿದ್ದರು. ಕರಾವಳಿಯ ಈ ಒಂಟಿದನಿಯನ್ನು ನಾವು ಇನ್ನಾದರೂ ಓದಬೇಕು. ಒಪ್ಪಲೇಬೇಕೆಂದಿಲ್ಲ, ಓದಬೇಕು.

*

ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿದ್ದು ನಮ್ಮ ಹಿರಿಯರಿಗೆ ನೆನಪಿದೆ. ಆ ಲೈಸೆನ್ಸ್ ಹೋಯಿತು. ದೇಶಕ್ಕೆ ಏನೂ ಆಗಲಿಲ್ಲ.

*

ನಿಯಮಗಳು ಹೆಚ್ಚಿದಷ್ಟೂ ದೊಡ್ಡವರ ಹಾದಿ ಸಲೀಸು. ಅವರಿಗೆ ವಕೀಲರಿದ್ದಾರೆ, ಆಡಿಟರ್ ಇದ್ದಾರೆ, ಕಚೇರಿಗೆ ಅಲೆಯಲೆಂದೇ ಸಂಬಳದ ಜನರಿದ್ದಾರೆ. ಹಿಟ್ಟಿನ ಗಿರಣಿ ಇಟ್ಟವನು ಒಂದು ಸಹಿಗಾಗಿ ಬಾಗಿಲು ಮುಚ್ಚಿ ಹೋಗಬೇಕು. ಹೋದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಉದ್ಯಮಪತಿಗಳ ಪರ ಮಾತಾಡುತ್ತೀರಿ ಎಂದು ಸ್ವಾತಂತ್ರ್ಯವಾದಿಗಳನ್ನು ಬೈಯುವವರು ಒಮ್ಮೆ ಈ ಗಿರಣಿಯವನ ಜೊತೆ ಕಚೇರಿಯ ಬೆಂಚಿನ ಮೇಲೆ ಕೂತು ಬರಬೇಕು.

*

2023ರ ಜನ ವಿಶ್ವಾಸ ಕಾಯ್ದೆ 42 ಕಾನೂನುಗಳ 183 ಅಂಶಗಳನ್ನು ತಿದ್ದಿ, ಸಣ್ಣಪುಟ್ಟ ತಪ್ಪುಗಳಿಗಿದ್ದ ಹಲವು ಜೈಲು ಶಿಕ್ಷೆಗಳನ್ನು ತೆಗೆಯಿತು. ಒಳ್ಳೆಯ ಕೆಲಸ. ಇನ್ನೂ ಬಹಳ ಉಳಿದಿದೆ.

*

ಬೆಂಗಳೂರಿನ ಬೈಕ್ ಟ್ಯಾಕ್ಸಿಯ ಕತೆ ನೋಡಿ. 2021ರಲ್ಲಿ ಸರ್ಕಾರ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು. 2024ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿತು. ನಿಯಮವಿಲ್ಲವೆಂಬ ಕಾರಣಕ್ಕೆ ಹೈಕೋರ್ಟ್ ಆದೇಶದಂತೆ 2025ರ ಜೂನ್ 16ರಂದು ಬೈಕ್‌ಗಳು ನಿಂತವು. ನಿಯಮ ಮಾಡಬೇಕಾದವರು ಮಾಡಲಿಲ್ಲ, ಅದರ ದಂಡವನ್ನು ತೆತ್ತವನು ಬೈಕಿನ ಕಂತು ಕಟ್ಟುತ್ತಿದ್ದ ಹುಡುಗ. ಆಟೊದವರ ಸಂಕಟವೂ ಸುಳ್ಳಲ್ಲ. ಪರ್ಮಿಟ್, ಎಫ್‌ಸಿ, ಇನ್ಶೂರೆನ್ಸ್, ಸರ್ಕಾರವೇ ಗೊತ್ತುಮಾಡಿದ ಮೀಟರ್ ದರ, ಇಷ್ಟನ್ನೂ ಹೊತ್ತವನಿಗೆ ಬರಿಗೈಯಲ್ಲಿ ಬಂದವನನ್ನು ಕಂಡರೆ ಸಿಟ್ಟು ಬರುವುದು ಸಹಜ. ಆದರೆ ನ್ಯಾಯ ಇರುವುದು ಆಟೊದವನ ಹೊರೆ ಇಳಿಸುವುದರಲ್ಲಿ.

*

ಹಾಗಾದರೆ ಯಾವ ನಿಯಮವೂ ಬೇಡವೇ? ಬೇಕು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ, ನೀರಿನ ಮೇಲೇ ಬೆಂಕಿ ಹತ್ತಿದ್ದನ್ನು ನಾವು ನೋಡಿದ್ದೇವೆ. ಒಬ್ಬನ ಕೊಳಕು ಇನ್ನೊಬ್ಬನ ಉಸಿರಿಗೆ, ಬಾವಿಗೆ ಸೇರುವಾಗ ತಡೆಯುವುದು ಸರ್ಕಾರದ ಮೊದಲ ಕೆಲಸ. ಅಲ್ಲಿ ಕೈ ಸಡಿಲ ಬಿಟ್ಟ ಆಡಳಿತಕ್ಕೆ ಬೋಂಡಾ ಮಾರುವವಳ ಮೇಲೆ ಬಿಗಿ ತೋರಿಸುವ ನೈತಿಕ ಹಕ್ಕಿಲ್ಲ.

*

ತಳ್ಳುಗಾಡಿಯನ್ನು ಪಾಲಿಕೆಯ ಲಾರಿಗೆ ಏರಿಸಿದ ಮೇಲೆ ಅದರಲ್ಲಿದ್ದ ಟೊಮೆಟೊ ಒತ್ತಡಕ್ಕೆ ಸಿಕ್ಕಿ ಸಂಜೆಯೊಳಗೆ ನೀರಾಗುತ್ತದೆ. ತಕ್ಕಡಿಯ ಒಂದು ಬಟ್ಟಲು ಎಲ್ಲೋ ಕಳೆದಿರುತ್ತದೆ. ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಬರಬಹುದು. ಬೆಳಗಿನ ಜಾವ ಮಾರುಕಟ್ಟೆಯಲ್ಲಿ ಹಾಕಿದ ಅಸಲು ಹೋಯಿತು, ಮೀಟರ್ ಬಡ್ಡಿ ಉಳಿಯಿತು.

*

ಈ ಎತ್ತಂಗಡಿ ತಡೆಯಲು ಕಾನೂನು ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಚುನಾಯಿತ ಸದಸ್ಯರಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿಮ್ಮ ಊರಿನಲ್ಲಿ ಈ ಸಮಿತಿ ಇದೆಯೇ, ಕೊನೆಯ ಸಭೆ ಯಾವಾಗ ಸೇರಿತ್ತು, ಸಮೀಕ್ಷೆ ಮುಗಿದಿದೆಯೇ ಎಂದು ಪಾಲಿಕೆಗೋ ಪುರಸಭೆಗೋ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಬಂದ ಉತ್ತರವನ್ನು ನಿಮಗೆ ದಿನಾ ಸೊಪ್ಪು ಕೊಡುವವರಿಗೆ ಓದಿ ಹೇಳಿ.